ದೋರಗಾಯಿಯ ಲೆಕ್ಕ

ಅಂಬ್ಲಿಗೊಳದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಊರಿನ ಮಾತೆಲ್ಲ ಅಡಿಕೆಯದೇ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಕ್ಕಿದನೋ ಇಲ್ಲವೋ, ಸುಲಿಯಲು ಎಷ್ಟು ಜನ ಬಂದರು, ಶಿವಮೊಗ್ಗದಲ್ಲಿ ರಾಶಿ ಅಡಿಕೆಗೆ ಇವತ್ತು ಎಷ್ಟಂತೆ, ಬೆಟ್ಟೆ ಅಡಿಕೆಗೆ ಎಷ್ಟಂತೆ. ಆ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಅಂಗಳದ ಒಂದು ಬದಿಗೆ ಕೂತು ಅಡಿಕೆ ಆರಿಸುವವರ ಕೈ ನೋಡುವುದು.

ಹಸಿರಾಗಿರುವ ಕಾಯನ್ನು ಸುಲಿದು, ಹಿಂದೆ ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಾದದ್ದು ಹಂಡೆಗೆ ಹೋಗುವಂತಿಲ್ಲ. ಸಿಪ್ಪೆಸಮೇತ ಬಿಸಿಲಿಗೆ ಹರವಿ ಗೋಟು ಮಾಡಬೇಕು. ಹಾಗಾಗಿ ರಾಶಿಯ ಮುಂದೆ ಕೂತವರು ಒಂದೊಂದು ಕಾಯಿಗೂ ತೀರ್ಪು ಕೊಡಬೇಕು. ಕೊಡುತ್ತಾರೆ, ಮಗಳ ಬಾಣಂತನದ ಸುದ್ದಿ ಹೇಳುತ್ತಲೇ ಕೊಡುತ್ತಾರೆ. ಪೂರ್ತಿ ಹಸಿರು, ಪೂರ್ತಿ ಹಳದಿ ಇದ್ದವು ಕೈಯಲ್ಲಿ ನಿಲ್ಲುವುದೇ ಇಲ್ಲ. ಅರೆಹಣ್ಣಾದ ದೋರಗಾಯಿ ಬಂದಾಗ ಮಾತ್ರ ಕೈ ಒಂದು ಚೂರು ತಡೆಯುತ್ತದೆ. ಬೆರಳುಗಳ ನಡುವೆ ಕಾಯಿ ಅರ್ಧ ಸುತ್ತು ತಿರುಗುತ್ತದೆ, ತೊಟ್ಟಿನ ಕಡೆಯ ಬಣ್ಣ ಕಣ್ಣಿಗೆ ಬೀಳುತ್ತದೆ, ಅಷ್ಟೇ; ಆಚೆಗೋ ಈಚೆಗೋ ಬಿತ್ತು. “ಏನು ನೋಡ್ತೀರಿ ಅಕ್ಕ ಅದರಲ್ಲಿ?” ಎಂದು ಕೇಳಿದರೆ, “ನೋಡೋದೆಂತದು, ಗೊತ್ತಾಗ್ತದೆ” ಅನ್ನುತ್ತಾರೆ.

ಈ ‘ಗೊತ್ತಾಗ್ತದೆ’ಯನ್ನು ಲೆಕ್ಕವಾಗಿ ಬರೆಯಲು ಹೊರಟವರು ನಮ್ಮ ಜಿಲ್ಲೆಯಲ್ಲೇ ಇದ್ದರು ಎಂದು ತಿಳಿದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಆಗ ಶಿವಮೊಗ್ಗದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಅಜಿತ್ ದಂತಿ ಮತ್ತು ಕುವೆಂಪು ವಿಶ್ವವಿದ್ಯಾಲಯದ ಎಂ. ಸುರೇಶ, ಇಬ್ಬರೂ ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳು, 2012ರಲ್ಲಿ ಹಸಿ ಅಡಿಕೆಯ ಫೋಟೋ ನೋಡಿ ಅದನ್ನು ವಿಂಗಡಿಸುವ ವಿಧಾನದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬೇಯಿಸುವ ಅಡಿಕೆ, ಬೇಯಿಸದ ಅಡಿಕೆ ಎಂಬ ನಮ್ಮ ಅಂಗಳದ ಪಾಲೇ ಅವರ ಕೆಲಸದಲ್ಲೂ ಇದೆ.

ಕ್ಯಾಮೆರಾ ಹಿಡಿದ ಚಿತ್ರ ಕಂಪ್ಯೂಟರಿಗೆ ಬರೀ ಅಂಕಿಗಳ ಚಾಪೆ. ಒಂದೊಂದು ಚುಕ್ಕೆಯಲ್ಲೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು 0ಯಿಂದ 255ರವರೆಗಿನ ಮೂರು ಅಂಕಿ. ಮೊದಲ ತೊಡಕು, ಇದರಲ್ಲಿ ಅಡಿಕೆ ಯಾವುದು, ಹಿಂದಿನ ನೆಲ ಯಾವುದು ಎಂಬುದು. ಮೋಡ ಕವಿದರೆ ಅದೇ ಕಾಯಿ ಬೇರೆ ಅಂಕಿ ಕೊಡುತ್ತದೆ. ಅದಕ್ಕೆ ಬೆಳಕನ್ನೂ ಬಣ್ಣವನ್ನೂ ಬೇರೆಬೇರೆ ಮಾಡಿ ಬರೆಯುವ ಒಂದು ಪದ್ಧತಿಗೆ ಚಿತ್ರವನ್ನು ಬದಲಾಯಿಸಿ, ಬಣ್ಣದ ಸರಾಸರಿಯ ಎರಡೂ ಬದಿಗೆ ‘ಮೂರು ಸಿಗ್ಮಾ’ ದೂರದಲ್ಲಿ (ಸಿಗ್ಮಾ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಬೇಲಿ ಹಾಕಿದರು. ಬೇಲಿಯೊಳಗಿನದು ಅಡಿಕೆ. ಆಮೇಲೆ ಉಳಿದದ್ದು ಕೆಂಪು ಮತ್ತು ಹಸಿರಿನ ತೂಕ. ಕಾಯಿಯಲ್ಲಿ ಹಸಿರಿನ ಅಂಕಿ ಮೇಲು. ಹಣ್ಣಾಗುತ್ತ ಹೋದಂತೆ ಕೆಂಪು ಅದನ್ನು ಹಿಂದೆ ಹಾಕುತ್ತದೆ. ನಮ್ಮ ಕಣ್ಣು ಹಳದಿ ಎಂದು ಕಾಣುವುದೇ ಈ ಎರಡರ ಬೆರಕೆಯನ್ನು.

ಮೂರು ಸಿಗ್ಮಾದ ಹುಟ್ಟೂರು ಇಲ್ಲಿಗೆ ಬಲು ದೂರ. ಅಮೆರಿಕದ ಟೆಲಿಫೋನ್ ಕಾರ್ಖಾನೆಗಳಲ್ಲಿ ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ಎಂದು ನಿಗಾ ಇಡಲು ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಕ್ಷೆ ಅದರ ಮೂಲ. ಏರಿಳಿತ ಸಹಜ ರೀತಿಯದಾದರೆ ಸಾವಿರಕ್ಕೆ ಸುಮಾರು 997 ಅಳತೆಗಳು ಮೂರು ಸಿಗ್ಮಾ ಗೆರೆಗಳ ಒಳಗೇ ಬೀಳುತ್ತವೆ. ಟೆಲಿಫೋನಿನ ಬಿಡಿಭಾಗಕ್ಕೆ ಹುಟ್ಟಿದ ಗೆರೆ ಮಲೆನಾಡಿನ ಅಡಿಕೆಗೂ ಒದಗಿತಲ್ಲ! ಗಣಿತದ ಬಗ್ಗೆ ನನಗಿರುವ ಪ್ರೀತಿಗೆ ಇದೇ ಕಾರಣ.

ಹೀಗೆ ನಮ್ಮೂರಿನಲ್ಲಿ ಗಣಿತ ನೆನಪಾಗುವ ಇನ್ನೊಂದು ಸಂಗತಿ ನೀರಿನದು. ಅಂಬ್ಲಿಗೊಳ ಜಲಾಶಯಕ್ಕೆ ಮೊದಲ ಮಳೆಯ ನೀರು ಬರುವಾಗ ಅದು ಕೆಂಪಗೆ, ಮಣ್ಣು ಕುಡಿದು ಬರುತ್ತದೆ. ನೀರು ಒಂದು ವೇಗದಲ್ಲಿ, ಅದರೊಳಗಿನ ಕಣ ಇನ್ನೊಂದು ವೇಗದಲ್ಲಿ. ಒಂದು ಇನ್ನೊಂದನ್ನು ಎಳೆಯುತ್ತಲೇ ಇರುತ್ತದೆ. ಕಣ ತುಂಬಿದ ಇಂಥ ಹರಿವಿಗೆ ಸಮೀಕರಣ ಬರೆದವರು ಪಿ.ಜಿ. ಸ್ಯಾಫ್‌ಮನ್, 1962ರಲ್ಲಿ, ಅವರು ಬರೆದದ್ದು ಧೂಳು ಬೆರೆತ ಅನಿಲಕ್ಕೆ. ಆ ಎಳೆಯನ್ನು ಹಿಡಿದು ಶಂಕರಘಟ್ಟದಲ್ಲಿ ಕೂತು ಮುಂದುವರಿಸಿದವರು ಕುವೆಂಪು ವಿಶ್ವವಿದ್ಯಾಲಯದ ಗಣಿತ ವಿಭಾಗದ ಸಿ.ಎಸ್. ಬಾಗೇವಾಡಿ ಮತ್ತು ಬಿ.ಜೆ. ಗಿರೀಶ. ಬಾಗೇವಾಡಿಯವರ ಮುಖ್ಯ ಒಲವು ಬಾಗಿದ ಮೇಲ್ಮೈಗಳ ರೇಖಾಗಣಿತ. ಆ ರೇಖಾಗಣಿತದ ಕಣ್ಣಿನಿಂದಲೇ ಅವರು ಹರಿವನ್ನು ನೋಡಿದರು: ಹರಿಯುವ ಗೆರೆಯ ಜೊತೆಗೇ ತಿರುಗುವ ಮೂರು ದಿಕ್ಕುಗಳನ್ನು ಹಿಡಿದುಕೊಂಡು, ದ್ರವದ ಮತ್ತು ಧೂಳಿನ ವೇಗ ಲೆಕ್ಕ ಹಾಕುವುದು. ಅವರ ಮನಸ್ಸಿನಲ್ಲಿ ನಮ್ಮ ಕಾಲುವೆ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕೆಂಪು ನೀರು ನೋಡಿದಾಗಲೆಲ್ಲ ನನಗೆ ಆ ಸಮೀಕರಣಗಳ ನೆನಪಾಗುತ್ತದೆ.

ಓದು, ಲೆಕ್ಕ ಈ ಕಡೆಗೆ ಹೊಸತಲ್ಲ. ಬಳ್ಳಿಗಾವಿ ಇಲ್ಲಿಗೆ ಹತ್ತಿರದ್ದೇ. ಅಲ್ಲಿಯ ಕೋಡಿಯಮಠದಲ್ಲಿ ಏನೇನು ಓದಿಸುತ್ತಿದ್ದರು ಎಂಬುದನ್ನು 1162ರ ಶಾಸನ ಉದ್ದಕ್ಕೂ ಹೇಳುತ್ತದೆ: ವೇದ, ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯ, ನಾಟಕ. ಅದೇ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರ ಗಣಿತ’ ಬರೆದ. ವ್ಯಾಪಾರ, ಅಳತೆ, ಬಡ್ಡಿ ಇವೇ ಅವನಿಗೆ ಗಣಿತದ ಬೆಳೆ. ಅಡಿಕೆಯನ್ನು ಲೆಕ್ಕಕ್ಕೆ ತಂದ ಮೇಷ್ಟ್ರುಗಳನ್ನು ನಾನು ಅವನ ಸಾಲಿನಲ್ಲೇ ಕೂರಿಸುತ್ತೇನೆ. ದಿನವಿಡೀ ಪಾಠ, ಪರೀಕ್ಷೆ, ಮೌಲ್ಯಮಾಪನ ಮುಗಿಸಿ ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡುವ ಜಿಲ್ಲೆಯ ಕಾಲೇಜಿನ ಅಧ್ಯಾಪಕರಿಗೆ ಸಿಗುವ ಮನ್ನಣೆ ತೀರ ಕಡಿಮೆ. ಅವರ ಕೆಲಸ ಅವರ ಊರಿನವರಿಗೇ ಗೊತ್ತಿರುವುದಿಲ್ಲ.

ಅಂಗಳದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಗಳಿವೆ. ಆರಿಸುವವರು ಕೆಲವು ದೋರಗಾಯಿಗಳನ್ನು ಎರಡೂ ಕಡೆ ಹಾಕದೆ ಪಕ್ಕಕ್ಕೆ ಇಡುತ್ತಾರೆ. ನಾಳೆಗೋ ನಾಡಿದ್ದಿಗೋ ಮತ್ತೆ ನೋಡುತ್ತಾರೆ. ಎರಡೇ ಗುಂಪಿನ ಲೆಕ್ಕದಲ್ಲಿ ಈ ಮೂರನೆಯ ರಾಶಿಗೆ ಜಾಗವೆಲ್ಲಿ? ಎಷ್ಟು ಅನುಮಾನ ಬಂದರೆ ಕಾಯಬೇಕು? ಕಾದರೆ ನಷ್ಟವೆಷ್ಟು, ಅವಸರಪಟ್ಟರೆ ನಷ್ಟವೆಷ್ಟು? ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಶಿಕಾರಿಪುರದಿಂದಲೋ ಸೊರಬದಿಂದಲೋ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಳ್ಳಲಿ. ಫೋಟೋ ತೆಗೆಯಲು ಅವಳ ಮನೆಯ ಅಂಗಳವೇ ಇದೆ, ಸರಿ ತಪ್ಪು ಹೇಳಲು ಅವಳ ಚಿಕ್ಕಮ್ಮ ಇದ್ದಾರೆ.