ಹಾಲು ಬೆರೆತ ಎಣ್ಣೆ

ಮಗನ ಕಾರಿನ ಲೆಕ್ಕದ ಪುಸ್ತಕ ಬರೆಯುವವನು ನಾನು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ಕೈ ಸುಮ್ಮನಿರುವುದಿಲ್ಲ. ಅದು ಆಲ್ ವೀಲ್ ಡ್ರೈವ್ ಕಾರು, ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಹೋಗುತ್ತದೆ. ಹಿಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು 40,000 ಕಿ.ಮೀ.ಗೆ ಬದಲಾಯಿಸಬೇಕೆಂದು ಕೈಪಿಡಿಯಲ್ಲಿತ್ತು. ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೆ.

"ಡಿಫರೆನ್ಷಿಯಲ್ ಅಂದ್ರೇನಜ್ಜ?" ಎಂದಳು ಮೊಮ್ಮಗಳು. ಅವಳ ಕೈ ಹಿಡಿದು ತುಳಸಿಕಟ್ಟೆ ಸುತ್ತಿದೆ. ಒಳಗಡೆ ನಾನು ನಿಧಾನವಾಗಿ ನಡೆದರೆ, ಹೊರಗಡೆಯಿದ್ದ ಅವಳು ಓಡಬೇಕಾಯಿತು. ತಿರುವಿನಲ್ಲಿ ಕಾರಿನ ಚಕ್ರಗಳ ಪಾಡೂ ಅದೇ, ಹೊರಗಿನದಕ್ಕೆ ದಾರಿ ಹೆಚ್ಚು. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಟೈರು ನೆಲಕ್ಕೆ ಉಜ್ಜುತ್ತದೆ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸುತ್ತು ಹಂಚುವ ಹಲ್ಲುಚಕ್ರಗಳ ಡಬ್ಬಿಯೇ ಡಿಫರೆನ್ಷಿಯಲ್. ಮುಂದಿನ ಚಕ್ರಗಳಷ್ಟೇ ಎಳೆಯುವ ಸಣ್ಣ ಕಾರಿನಲ್ಲಿ ಅದು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಇರುತ್ತದೆ. ನಮ್ಮಂಥ ಕಾರಿನಲ್ಲಿ ಹಿಂದೆ ಇನ್ನೊಂದಿದೆ, ಅದಕ್ಕೆ ಬೇರೆಯೇ ಎಣ್ಣೆ. ಕಣ್ಣಿಗೆ ಬೀಳದ್ದರಿಂದ ಮರೆಯುವವರೇ ಹೆಚ್ಚು. ನಾನು ಮರೆತಿರಲಿಲ್ಲ, ಆ ಜಂಬವೂ ಇತ್ತು.

ಆಷಾಢದಲ್ಲಿ ಮೂಡಿಗೆರೆ ಹತ್ತಿರದ ತಂಗಿಯ ಮನೆಗೆ ಹೊರಟೆವು. ಇನ್ನೇನು ಮನೆ ಬಂತು ಅನ್ನುವಾಗ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಅರ್ಧ ಚಕ್ರ ಮುಳುಗುವಷ್ಟು ನೀರು. ಮಗ ದಾಟಿಸಿಯೇ ಬಿಟ್ಟ. (ದಾಟಬಾರದಿತ್ತು, ಮಕ್ಕಳೇ.) ಮರುದಿನ ಬ್ರೇಕು ನೋಡಲು ಬಂದ ಮೆಕ್ಯಾನಿಕ್ ಹುಡುಗ, "ನೀರಿಗೆ ಇಳಿದಿದೆಯಲ್ಲ ಸಾರ್, ಹಿಂದಿನ ಆಯಿಲ್ ಒಮ್ಮೆ ನೋಡ್ಲಾ?" ಎಂದ. ನಾನು ಲೆಕ್ಕದ ಪುಸ್ತಕ ತೆಗೆದೆ. ಓಡಿದ್ದು 31,600 ಕಿ.ಮೀ. "ಇನ್ನೂ 8,400 ಬಾಕಿ ಇದೆಯಪ್ಪ, ಬೇಡ" ಎಂದೆ.

ದೀಪಾವಳಿ ಹೊತ್ತಿಗೆ ಹಿಂದಿನಿಂದ ಗುಂಯ್ ಎಂದು ಸದ್ದು ಶುರುವಾಯಿತು. ಬೆಂಗಳೂರಿನ ಗ್ಯಾರೇಜಿನವರು ಮೊದಲು ಎಣ್ಣೆ ಹಾಕುವ ತೂತಿನ ಬೋಲ್ಟು ಬಿಚ್ಚಿದರು. ಹಳೆಯದನ್ನು ಸುರಿಸಿದ ಮೇಲೆ ಅದು ಬಿಚ್ಚಿಕೊಳ್ಳದಿದ್ದರೆ ಹೊಸದನ್ನು ಎಲ್ಲಿಂದ ಹಾಕುವುದು? ಆಮೇಲೆ ಕೆಳಗಿನದು. ಸುರಿದದ್ದು ಹಾಲು ಹಾಕಿದ ಕಾಫಿಯ ಹಾಗಿತ್ತು! ಓಡಿ ಬಿಸಿಯಾದ ಡಬ್ಬಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡುವ ಕಿಂಡಿಯಿಂದಲೋ ಸೀಲಿನ ಸಂದಿಯಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಬೋಲ್ಟಿನ ಆಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಮಡ್ಡಿ ಅಂಟಿದ್ದರೆ ಚಿಂತೆಯಿಲ್ಲ, ಅದು ದಿನದಿನದ ಸವೆತ. ನಮ್ಮದಕ್ಕೆ ಉಕ್ಕಿನ ಚೂರುಗಳು ಅಂಟಿದ್ದವು. ಬೇರಿಂಗು ಹಾಳಾಗಿತ್ತು.

"ಪುಸ್ತಕದ ಅಂಕಿ ಒಳ್ಳೆ ರಸ್ತೆಗೆ ಸಾರ್. ಭಾರ ಎಳೆದರೆ, ಕೆಸರಲ್ಲಿ ಓಡಿಸಿದರೆ ಅರ್ಧಕ್ಕೇ ಬದಲಾಯಿಸಿ. ನೀರಿಗೆ ಇಳಿದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಬಿಚ್ಚಿ ನೋಡಿ" ಎಂದರು. ಕೈಪಿಡಿಯಲ್ಲೂ ಅದೇ ಇತ್ತು, ಸಣ್ಣಕ್ಷರದಲ್ಲಿ. ಸಣ್ಣಕ್ಷರ ಓದದೆ ಸಾಲದ ಪತ್ರಕ್ಕೆ ಸಹಿ ಹಾಕುವವರನ್ನು ಕೌಂಟರಿನಲ್ಲಿ ಗದರಿಸುತ್ತಿದ್ದವನು ನಾನೇ.

ಸುಮಾರು ಒಂದು ಲೀಟರ್ ಎಣ್ಣೆ ಉಳಿಸಲು ಹೋಗಿ ಬಂದ ಬಿಲ್ಲು ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತ್ತು. ಮಗ ಏನೂ ಅನ್ನಲಿಲ್ಲ, ನನ್ನಿಂದ ದುಡ್ಡೂ ತೆಗೆದುಕೊಳ್ಳಲಿಲ್ಲ. ಮೊಮ್ಮಗಳು ಮಾತ್ರ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು, ಮೇಲೆ 'ನೀರು' ಎಂದು ಬರೆದಿದ್ದಾಳೆ. ಹೋದ ಭಾನುವಾರ ಕಾರು ತೊಳೆದದ್ದನ್ನೂ ಅದರಲ್ಲಿ ಸೇರಿಸಿದ್ದಾಳೆ.