ಕಾವೇರಿಯ ತೀರದಲ್ಲಿ ಗಗನಯಾನದ ವಿಚಾರ

ಮಂಡ್ಯದಿಂದ ಮದ್ದೂರಿಗೆ ಬಂದು, ವಡೆಯ ರುಚಿ ನೋಡಿ, ನಾವು ಮಳವಳ್ಳಿಯ ಹಾದಿ ಹಿಡಿದೆವು. ಇಕ್ಕೆಲಗಳಲ್ಲಿಯೂ ಕಬ್ಬು, ಬತ್ತ, ನಡುನಡುವೆ ತೆಂಗು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದುಬಂದ ಮೇಲೆ ಈ ಸೀಮೆ ಹಸುರಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆಯೂ ಸ್ಥಾಪಿತವಾಯಿತು.

ಇಂತಹ ಬೆಳೆಗಳನ್ನು ಆಕಾಶದಿಂದಲೇ ಪರೀಕ್ಷಿಸುವೆವೆಂದು ಮುಂದೆ ಬಂದಿರುವ ಖಾಸಗಿ ಸಾಹಸಿಗಳು ಈಗ ಉಂಟು. ಬೆಂಗಳೂರಿನ ಪಿಕ್ಸೆಲ್ ಕಂಪೆನಿಯು 2025ರ ಜನವರಿಯಲ್ಲಿ ‘ಫೈರ್‌ಫ್ಲೈ’, ಎಂದರೆ ಮಿಂಚುಹುಳು, ಎಂಬ ಹೆಸರಿನ ಮೂರು ಉಪಗ್ರಹಗಳನ್ನು ಮೇಲಕ್ಕೆ ಕಳುಹಿಸಿತು. ನೆಲದಿಂದ ಹಿಂದಿರುಗುವ ಬೆಳಕನ್ನು ಇವು ನೂರಕ್ಕೂ ಮೀರಿದ ವರ್ಣಗಳಾಗಿ ವಿಂಗಡಿಸಿ ನೋಡಬಲ್ಲವು. ಎಲೆಗೆ ತಗುಲಿದ ರೋಗವನ್ನು ಕಣ್ಣಿಗೆ ಕಾಣುವ ಮೊದಲೇ ಗುರುತಿಸಬಹುದೆಂಬುದು ಇದರಿಂದ ಹುಟ್ಟಿರುವ ಆಶೆ. ಆದರೆ ಅವನ್ನು ಹೊತ್ತೊಯ್ದುದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪೆನಿಯ ರಾಕೆಟ್ಟು. ನಮ್ಮ ದೇಶದ ಮೊದಲನೆಯ ಖಾಸಗಿ ರಾಕೆಟ್ಟಾದ, ಹೈದರಾಬಾದಿನವರ ವಿಕ್ರಮ್-ಎಸ್, 2022ರ ನವೆಂಬರ್ 18ರಂದು ಸರ್ಕಾರದ ಶ್ರೀಹರಿಕೋಟೆಯಿಂದಲೇ ಹಾರಿತು. ಸುಮಾರು 89 ಕಿಲೋಮೀಟರು ಏರಿ ಸಮುದ್ರಕ್ಕೆ ಇಳಿಯಿತು. ಭೂಮಿಯನ್ನು ಸುತ್ತುವ ಕಾರ್ಯ ಅದರದಾಗಿರಲಿಲ್ಲ.

ಹಾಗಾದರೆ ಖಾಸಗಿಯವರು ಸ್ವಂತ ಬಲದಿಂದಲೇ ಏರಬಲ್ಲರೇ? ಮಳವಳ್ಳಿಯನ್ನು ದಾಟಿ ಶಿವನಸಮುದ್ರವನ್ನು ಕಂಡಾಗ ನಮಗೆ ಉತ್ತರ ಹೊಳೆಯಿತು. ಗಗನಚುಕ್ಕಿಯ ಭೋರ್ಗರೆತ ಕೇಳುವ ಈ ಸ್ಥಳದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ವಿದ್ಯುದಾಗಾರವು 1902ರಲ್ಲಿ ಕೆಲಸಕ್ಕೆ ತೊಡಗಿತು. ಹಣ ಹೂಡಿದವರು ಮೈಸೂರು ಸರ್ಕಾರದವರು. ಯಂತ್ರಗಳನ್ನೊದಗಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮೊದಲಾದ ಕಂಪೆನಿಯವರು. ಶಕ್ತಿಯನ್ನು ಕೊಂಡವರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳವರು. ಗಗನಯಾನದ ಕಥೆಯೂ ಇದೇ. 2008ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯಾದ ನಾಸಾ, ಆಕಾಶದ ನಿಲ್ದಾಣಕ್ಕೆ ಸಾಮಾನು ಸಾಗಿಸಲು 160 ಕೋಟಿ ಡಾಲರಿನ ಗುತ್ತಿಗೆಯನ್ನು ಕೊಟ್ಟು ಸ್ಪೇಸ್‌ಎಕ್ಸ್ ಕಂಪೆನಿಗೆ ಆಧಾರವಾಯಿತು. 1967ರ ಅಂತರರಾಷ್ಟ್ರೀಯ ಒಪ್ಪಂದದಂತೆ, ಖಾಸಗಿಯವರ ಗಗನಕಾರ್ಯಗಳಿಗೂ ಅವರವರ ಸರ್ಕಾರವೇ ಹೊಣೆ.

ಹೊಣೆಯಲ್ಲಿ ಪ್ರಜೆಗಳು ಪಾಲುಗಾರರಾದ ಮೇಲೆ ಫಲದಲ್ಲಿಯೂ ಆಗಬೇಡವೇ? ಶಿವನಸಮುದ್ರದ ಶಕ್ತಿ ಮೊದಲು ಚಿನ್ನಕ್ಕೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹಳ್ಳಿಗಳ ಗುಡಿಸಲಿಗೆ ದೀಪ ಬರಲು ಇನ್ನೂ ಬಹುಕಾಲ ಹಿಡಿಯಿತು. ಮೇಲಿನಿಂದ ತೆಗೆದ ಚಿತ್ರವನ್ನು ದೊಡ್ಡ ವ್ಯಾಪಾರಿಗಳು ಕೊಳ್ಳಬಲ್ಲರು. ಒಂದೆಕರೆ ಕಬ್ಬಿನ ರೈತನು ಹೇಗೆ ಕೊಂಡಾನು? ಅವನ ಹೊಲದ ಸುದ್ದಿ ಸಕಾಲದಲ್ಲಿ, ಅವನಿಗೆ ತಿಳಿಯುವ ಕನ್ನಡದಲ್ಲಿ, ಅವನ ಕೈಗೆ ಮುಟ್ಟುವ ಏರ್ಪಾಡನ್ನು ಸರ್ಕಾರವು ಈಗಲೇ ಮಾಡತಕ್ಕದ್ದು.