ಹರಿದ ಹೂವಿಗೂ ನೀರಡಿಕೆ ಐತಿ

ಈ ಸಲ ಹೂವಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ತೊಗರಿ ಹೊಲದ ಬದುವಿಗೆ ಹತ್ತಿ ನಾಲ್ಕು ಸಾಲು ಸೇವಂತಿಗೆ, ಚೆಂಡು ಹೂವು ಇವೆ. ಅವ್ವ ಅವನ್ನು ಸಿಂದಗಿ ಪ್ಯಾಟಿಗೆ ಒಯ್ದು ಮಾರುತ್ತಾಳೆ. ಬಾಡಿದ ಹೂವಿಗೆ ಧಾರಣಿ ಇಲ್ಲ, ಅದು ತಿಪ್ಪೆಗೆ ಹೋಗುತ್ತದೆ. ನನ್ನ ನೋಟಬುಕ್ಕು, ಪೆನ್ನು ಎಲ್ಲಾ ಆ ಬುಟ್ಟಿಯಿಂದಲೇ ಬರುತ್ತವೆ. ಅದಕ್ಕೆ ಹೂವು ಬಾಡದಂತೆ ನೋಡಿಕೊಳ್ಳುವುದು ನಮಗೆ ಬರೀ ಚಂದದ ಮಾತಲ್ಲ, ಹೊಟ್ಟೆಯ ಮಾತು.

ಗಿಡದಿಂದ ಹರಿದ ಕೂಡಲೇ ಹೂವು ಸತ್ತಿತು ಅಂತ ಎಷ್ಟೋ ಮಂದಿ ತಿಳಿದಿದ್ದಾರೆ. ಹಂಗಲ್ಲ. ಅದು ಇನ್ನೂ ಉಸಿರಾಡುತ್ತದೆ, ನೀರು ಕುಡಿಯುತ್ತದೆ. ಬೇರು ಮಾತ್ರ ಇಲ್ಲ. ವಿಜ್ಞಾನದಲ್ಲಿ ಕ್ಸೈಲಂ ಅಂತ ಓದುತ್ತೇವಲ್ಲ, ದಂಟಿನ ಆ ಸಣ್ಣ ನಾಳಗಳಲ್ಲಿ ನೀರು ಮೇಲೇರುತ್ತದೆ. ಬಿಳಿ ಸೇವಂತಿಗೆಯನ್ನು ಬಣ್ಣದ ನೀರಿನಲ್ಲಿ ಒಂದು ರಾತ್ರಿ ಇಟ್ಟು ನೋಡಿರಿ, ಎಸಳಿಗೆ ಬಣ್ಣ ಏರುತ್ತದೆ.

ಅವ್ವ ಸಾಲಿ ಕಲಿತಾಕಿ ಅಲ್ಲ. ಆದರೂ ದಿನಾ ಹೇಳತಾಳ: “ಹೊತ್ತು ಏರೋದ್ರಾಗ ಹರಿಬೇಕು ಯವ್ವಾ, ಬಿಸಿಲಿಗೆ ಬಳಲಿದ ಹೂವು ಬುಟ್ಟ್ಯಾಗ ತಡಿಯಂಗಿಲ್ಲ.” ರಾತ್ರಿಯೆಲ್ಲ ಗಿಡ ನೀರು ತುಂಬಿಕೊಂಡಿರುವುದರಿಂದ ಮುಂಜಾನೆ ದಂಟು ಗಟ್ಟಿ ಇರುತ್ತದೆ.

ಮಾಲೆಯ ಬಿಡಿ ಹೂವನ್ನು ಅವ್ವ ಒದ್ದೆ ಅರಿವೆಯಲ್ಲಿ ಒಯ್ಯುತ್ತಾಳೆ. ಆದರೆ ಶಾಲೆಯ ಹೂದಾನಿಗೆ ದಂಟು ಸಮೇತ ಹೂವು ಬೇಕು. ಕೈಯಿಂದ ಕಿತ್ತರೆ ದಂಟಿನ ತುದಿ ಜಜ್ಜಿ ಹೋಗುತ್ತದೆ. ಹರಿತವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು. ಆಗ ತುದಿ ಹೂದಾನಿಯ ತಳಕ್ಕೆ ಅಂಟಿ ಕೂಡುವುದಿಲ್ಲ. ಶಾಲೆಗೆ ತಂದ ಮೇಲೆ ದಂಟನ್ನು ಬಕೆಟ್ಟಿನಲ್ಲಿ ಮುಳುಗಿಸಿ, ನೀರಿನೊಳಗೇ ಇನ್ನೊಂದು ಇಂಚು ಕತ್ತರಿಸಬೇಕು. ಯಾಕಂದರೆ ದಾರಿಯಲ್ಲಿ ನಾಳದೊಳಗೆ ಗಾಳಿ ಹೊಕ್ಕಿರುತ್ತದೆ. ಪೈಪಿನಲ್ಲಿ ಗಾಳಿ ಹಿಡಿದರೆ ಮೋಟರ್ ತಿರುಗಿದರೂ ನೀರು ಬರುವುದಿಲ್ಲ, ಇದೂ ಹಾಗೆಯೇ. ಜಪಾನಿನಲ್ಲಿ ಹೂವು ಜೋಡಿಸುವ ಕಲೆಗೆ ಇಕೆಬಾನ ಎನ್ನುತ್ತಾರೆ. ಅವರೂ ಹೀಗೆ ನೀರೊಳಗೆ ಕತ್ತರಿಸುತ್ತಾರೆ, ಅದಕ್ಕೆ ಮಿಜುಗಿರಿ ಎಂದು ಹೆಸರು.

ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು. ಅವು ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ನಾಳ ಮುಚ್ಚುತ್ತವೆ. ಆಮೇಲೆ ಒಂದೆರಡು ತಾಸು ನೆರಳಿನಲ್ಲಿಟ್ಟು ನೀರು ಕುಡಿಯಲು ಬಿಡಬೇಕು. ಜೋಡಿಸುವುದು ಅದಾದ ಮೇಲೆ. ಹೂದಾನಿಯಲ್ಲಿ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ, ಅರ್ಧ ಲಿಂಬೆಹಣ್ಣಿನ ರಸ ಹಾಕಿರಿ. ಸಕ್ಕರೆ ಹೂವಿಗೆ ಆಹಾರ. ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೂ ಅದೇ ಊಟ, ಲಿಂಬೆಯ ಹುಳಿ ಅದನ್ನು ತಡೆಯುತ್ತದೆ. ಲಿಂಬೆಗೆ ಹೆಸರಾದ ಇಂಡಿ ನಮ್ಮ ಮಗ್ಗುಲದಾಗೇ ಐತಿ, ಲಿಂಬೆಹಣ್ಣಿಗೆ ನಮಗೇನು ಬರ? ಮಾಗಿದ ಬಾಳೆಹಣ್ಣಿನ ಪಕ್ಕದಲ್ಲಿ ಹೂದಾನಿ ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಕೆಲವು ಹೂವು ಬೇಗ ಬಾಡುತ್ತವೆ.

ಇದನ್ನು ಕೇಳಿ ನಮ್ಮಜ್ಜ ಸಿಟ್ಟಿಗೆದ್ದ. “ಬ್ಯಾಸಿಗ್ಯಾಗ ಕುಡ್ಯಾಕ ನೀರಿಲ್ಲ, ಹೂವಿಗೆ ಎಲ್ಲಿಂದ ತರ್ತಿ?” ಅಂದ. ಅಜ್ಜನ ಮಾತು ಖರೇ ಐತಿ. ಆದರೆ ಸರಿಯಾಗಿ ಇಟ್ಟರೆ ಸೇವಂತಿಗೆ ನಾಲ್ಕೈದು ದಿನ ಆರಾಮ ತಡೆಯುತ್ತದೆ. ದಿನಾ ಹೊಸ ಹೂವು ಹರಿಯುವುದು ತಪ್ಪುತ್ತದೆ. ಬದಲಿಸಿದ ನೀರನ್ನು ಬೇವಿನ ಸಸಿಗೆ ಹಾಕಬಹುದು.

1962ರಿಂದ ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನವೆಂದು ಆಚರಿಸುತ್ತಾರೆ. ಅವತ್ತು ನಾವೆಲ್ಲ ಮಡಿಲು ತುಂಬಾ ಹೂವು ತರುತ್ತೇವೆ, ಸಂಜೆಗೆ ಕಸಬರಿಗೆಯಿಂದ ಗುಡಿಸುತ್ತೇವೆ. ಚೆಂಡು ಹೂವು ಬಿಡಬೇಕಾದರೆ ಎರಡು ತಿಂಗಳಾದರೂ ಬೇಕು, ಹರಿಯಾಕ ಒಂದು ಗಳಿಗಿ ಸಾಕು. ಈ ಸಲ ಒಬ್ಬೊಬ್ಬರು ಎರಡೇ ಹೂವು ತರೋಣ, ಬ್ಲೇಡು ಬಕೆಟ್ಟು ನಾನು ತರುತ್ತೇನೆ. ಗುರುಗಳು ಮುಂದಿನ ಸೋಮವಾರವೂ ಅದೇ ಹೂವು ನೋಡಲಿ.

— 9ನೇ ತರಗತಿ ವಿದ್ಯಾರ್ಥಿನಿ, ಕನ್ನೊಳ್ಳಿ